ದಸ್ತಗೀರನ ಗಾಡಿ

"ಗುರುಗಳೇ, ಬಿಟ್ಟುಹೋದವರಿಗಾಗಿ ಕಾಯುತ್ತ ಕೂರುವುದಕ್ಕಿಂತ ದೊಡ್ಡ ಪ್ರೀತಿ ಬೇರೆ ಇದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಕೊಟ್ರಯ್ಯ. ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಓದಿನಲ್ಲಿ ಚುರುಕು, ಕೆಲಸದಲ್ಲಿ ಅಷ್ಟಕ್ಕಷ್ಟೆ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆ ಕೇಳಿದನೋ ಅವನು ಹೇಳಲಿಲ್ಲ, ಗುರುಗಳೂ ವಿಚಾರಿಸಲಿಲ್ಲ. ಅವರು ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಇಷ್ಟು ದೊಡ್ಡ ಪ್ರಶ್ನೆ ಬೆಳಿಗ್ಗೆ ಬೆಳಿಗ್ಗೆಯೇ ಯಾಕಪ್ಪ?" ಎಂದರು ಗುರುಗಳು. "ಇರಲಿ, ಕೂತುಕೋ. ಶಾಸ್ತ್ರದಿಂದ ಹೇಳಿದರೆ ನೀನೂ ಶಾಸ್ತ್ರ ತೆಗೆದು ವಾದಕ್ಕೆ ನಿಲ್ಲುತ್ತೀ. ಅದಕ್ಕೇ ಒಂದು ಗ್ಯಾರೇಜಿನ ಕತೆ ಹೇಳುತ್ತೇನೆ. ಗ್ಯಾರೇಜಿನ ವಿಷಯ ನಿನಗೆ ಏನೂ ಗೊತ್ತಿಲ್ಲ. ಸುಮ್ಮನೆ ಕೇಳುತ್ತೀ."

ಕೊಟ್ರಯ್ಯ ಕೂತುಕೊಂಡ. ಗುರುಗಳು ಹೇಳತೊಡಗಿದರು.

ಗದಗಿನಿಂದ ಕೊಪ್ಪಳಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಊರ ಹೊರಗೆ, ಹೆದ್ದಾರಿಗೆ ಮುಖ ಮಾಡಿ, ತಗಡಿನ ಒಂದು ಗ್ಯಾರೇಜು. ಅಲ್ಲಿ ಮೌನೇಶ ಎಂಬ ಮೇಸ್ತ್ರಿ ಇದ್ದ. ಅವನ ಹಿರಿಯರು ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ತೊಡಿಸುತ್ತಿದ್ದರು. ಇವನು ಮೋಟರ್ ಸೈಕಲ್ ಕಟ್ಟುತ್ತಿದ್ದ. ಕಟ್ಟುವುದೆಂದರೆ ರಿಪೇರಿ ಮಾಡುವುದಲ್ಲ. ಗುಜರಿಗೆ ಹೋಗಬೇಕಾದ ಹಳೆಯ ಗಾಡಿಯನ್ನು ತಂದು, ಪೂರ್ತಿ ಬಿಚ್ಚಿ, ಗಾಡಿಯ ಎಲುಬಿನಂಥ ಚಾಸಿಯನ್ನು ಕೊಯ್ದು, ಬೇಕಾದ ಉದ್ದಕ್ಕೆ ಮತ್ತೆ ಬೆಸೆದು, ತಗಡು ಬಡಿದು ಹೊಸ ಟಾಂಕಿ ಮಾಡಿ, ಕೇಳಿದವನಿಗೆ ಹೊಂದುವಂತೆ ಬೇರೆಯದೇ ಒಂದು ಗಾಡಿ ಎಬ್ಬಿಸುವುದು. ಅವನು ಕಟ್ಟಿದ ಗಾಡಿಯಂಥದು ಇನ್ನೊಂದು ಇರುತ್ತಿರಲಿಲ್ಲ. ಇನ್ನೊಂದು ಮಾಡು ಎಂದರೆ ಅವನಿಂದಲೂ ಆಗುತ್ತಿರಲಿಲ್ಲ.

ಅವನದೊಂದು ಪದ್ಧತಿ ಇತ್ತು. ಗಾಡಿ ಬೇಕೆಂದು ಬಂದವನನ್ನು ಮೊದಲು ಬರೀ ಚಾಸಿಯ ಮೇಲೆ ಕೂರಿಸುತ್ತಿದ್ದ. ಅದಕ್ಕೆ ಹ್ಯಾಂಡಲ್ ಇಲ್ಲ, ಗಾಲಿ ಇಲ್ಲ. ಮರದ ದಿಮ್ಮಿಗಳ ಮೇಲೆ ನಿಂತಿರುತ್ತಿತ್ತು. "ಕಣ್ಣು ಮುಚ್ಚು. ದೂರದ ಊರಿಗೆ ಹೊಂಟೀನಿ ಅಂತ ತಿಳ್ಕೊ" ಎನ್ನುತ್ತಿದ್ದ. ಕೂತವನ ಕೈ ತಾನಾಗಿ ಮುಂದಕ್ಕೆ ಚಾಚಿ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಕಾಲು ತಾನಾಗಿ ಒಂದು ಜಾಗ ಹುಡುಕಿಕೊಳ್ಳುತ್ತಿತ್ತು. ಮೌನೇಶ ತೆಳುವಾದ ಸರಳುಗಳನ್ನು ಅವನ ಮೈಗೆ ಹೊಂದಿಸಿ ಬಗ್ಗಿಸುತ್ತಿದ್ದ. ಸೊಂಟದಿಂದ ಕೈಗೆ ಒಂದು, ಸೊಂಟದಿಂದ ಪಾದಕ್ಕೆ ಒಂದು. ಎರಡನ್ನೂ ತಂತಿಯಿಂದ ಕಟ್ಟಿ ಗೋಡೆಗೆ ತೂಗುಹಾಕುತ್ತಿದ್ದ. ಗಾಡಿ ಮುಗಿಯುವವರೆಗೆ ಆ ಸರಳೇ ಅವನಿಗೆ ಗುರು.

ಗಾಡಿ ಕೊಟ್ಟ ದಿನ ಸರಳನ್ನು ಇಳಿಸಿ, ಬಡಿದು ನೆಟ್ಟಗೆ ಮಾಡಿ, ಮುಂದಿನವನಿಗೆ ಎಂದು ಮೂಲೆಗೆ ಇಡುತ್ತಿದ್ದ. ಅದೇ ಗಿರಾಕಿ ಕೆಲವು ವರ್ಷ ಬಿಟ್ಟು ಮತ್ತೆ ಬಂದು, "ನನ್ನ ಅಳತೆ ನಿನಗ ಗೊತ್ತs ಐತಲ್ಲ" ಎಂದರೆ ಒಪ್ಪುತ್ತಿರಲಿಲ್ಲ. "ಅದು ಆವಾಗಿನ ಅಳತಿ. ಮೈ ಅಲ್ಲೇ ಇರ್ತೈತೇನು? ಹತ್ತು, ಕುಂದ್ರು" ಎನ್ನುತ್ತಿದ್ದ. ಎಂಥ ಶ್ರೀಮಂತ ಬಂದರೂ ಮತ್ತೆ ಕಣ್ಣು ಮುಚ್ಚಿ ಕೂರಲೇಬೇಕು. ಈ ಒಂದು ವಿಷಯದಲ್ಲಿ ಅವನು ಬಲು ಹಟಮಾರಿ.

ಗ್ಯಾರೇಜಿನಲ್ಲಿ ಇನ್ನೊಬ್ಬನಿದ್ದ. ಹೆಸರು ದಸ್ತಗೀರ. ಚಿಕ್ಕಂದಿನಿಂದ ಮೌನೇಶನ ಗೆಳೆಯ. ಅವನಿಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಆದರೆ ಗಾಡಿ ಹತ್ತಿದನೆಂದರೆ ಅದರ ಒಳಗಿನದೆಲ್ಲ ಅವನಿಗೆ ತಿಳಿಯುತ್ತಿತ್ತು. ಮೌನೇಶನಿಗೆ ಇದು ತಿರುಗಾಮುರುಗಾ. ಕಬ್ಬಿಣ ಅವನ ಮಾತು ಕೇಳುತ್ತಿತ್ತು, ರಸ್ತೆ ಕೇಳುತ್ತಿರಲಿಲ್ಲ. ಸಂತೆಗೆ ಹೋಗಿಬರುವಷ್ಟು ಓಡಿಸುತ್ತಿದ್ದ, ಅದೂ ಹೆದರಿಕೊಂಡೇ. ಆದ್ದರಿಂದ ಅವನು ಕಟ್ಟಿದ ಪ್ರತಿಯೊಂದು ಗಾಡಿಯನ್ನೂ ಮೊದಲು ರಸ್ತೆಗೆ ಇಳಿಸುವವನು ದಸ್ತಗೀರನೇ. ಹೋಗಿ ಬಂದು, ಗಾಡಿ ನಿಲ್ಲಿಸಿ, ಒಂದೇ ಮಾತು ಹೇಳುತ್ತಿದ್ದ. ಹಿಂದಿನ ಗಾಲಿ ಕೂದಲೆಳೆಯಷ್ಟು ವಾರೆ ಇದೆ ಎನ್ನುತ್ತಿದ್ದ. ಇಲ್ಲವೇ ಸೀಟು ಬೆನ್ನನ್ನು ಮುಂದಕ್ಕೆ ನೂಕುತ್ತದೆ ಎನ್ನುತ್ತಿದ್ದ. ಮೌನೇಶ ಬಾಯಿಗೆ ಬಂದಂತೆ ಬಯ್ಯುತ್ತ ಬಿಚ್ಚಿ ನೋಡುತ್ತಿದ್ದ. ಹಾಗೆಯೇ ಇರುತ್ತಿತ್ತು.

ಗಾಡಿ ಸರಿಯಿಲ್ಲದಿದ್ದರೆ ದಸ್ತಗೀರ ಬೇಗ ಮರಳುತ್ತಿದ್ದ. ಸರಿಯಿದ್ದರೆ ತಡ. ಬಹಳ ಸರಿಯಿದ್ದರೆ ಕೊಪ್ಪಳ ದಾಟಿ ಹುಲಿಗಿಯವರೆಗೂ ಹೋಗಿಬಿಡುತ್ತಿದ್ದ. ಇತ್ತ ಗಾಡಿಯ ಗಿರಾಕಿ ಬೆಂಚಿನ ಮೇಲೆ ಕೂತು ಕಂಗಾಲಾಗುತ್ತಿದ್ದ. ಮೌನೇಶ ಮಾತ್ರ ಒಳಗೊಳಗೇ ನಗುತ್ತ ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಿದ್ದ. ಬಾಯಿಬಿಟ್ಟು ಹೊಗಳುವ ಅಭ್ಯಾಸ ದಸ್ತಗೀರನಿಗೆ ಇರಲಿಲ್ಲ. ಮೌನೇಶನಿಗೂ ಅದು ಬೇಕಿರಲಿಲ್ಲ.

ಒಂದು ದಿನ ಇವರಿಬ್ಬರೂ ಜಗಳಾಡಿದರು.

ಆ ಸಲದ ಗಾಡಿಯನ್ನು ಮೌನೇಶ ಬಹಳ ಪ್ರೀತಿಯಿಂದ ಕಟ್ಟಿದ್ದ. ನೋಡಲೆಂದೇ ಜನ ಬಂದಿದ್ದರು. ಗಿರಾಕಿ ತನ್ನ ಬಂಧುಗಳನ್ನೆಲ್ಲ ಕರೆತಂದಿದ್ದ. ಹಾರ ತಂದಿದ್ದ, ತೆಂಗಿನಕಾಯಿ ತಂದಿದ್ದ. ದಸ್ತಗೀರ ಗಾಡಿ ತೆಗೆದುಕೊಂಡು ಹೋದವನು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮರಳಿ ಬಂದ.

"ಇದು ತಿರುವಿನ್ಯಾಗ ಆಳನ್ನ ಒಗಿತೈತಿ. ಇವತ್ತ ಕೊಡಬ್ಯಾಡ" ಎಂದ, ಎಲ್ಲರ ಎದುರಿಗೆ.

ಮೌನೇಶನ ಮುಖ ಕೆಂಪಾಯಿತು. ಬೇರೆ ದಿನವಾಗಿದ್ದರೆ ಬಯ್ದುಕೊಂಡು ಬಿಚ್ಚುತ್ತಿದ್ದ. ಆ ದಿನ ಹಾರ ಹಿಡಿದವರು ನಿಂತಿದ್ದರು. "ಕುಂದ್ರಾಂವಗ ಕಟ್ಟೂದು ಏನ್ ತಿಳಿತೈತಿ?" ಎಂದುಬಿಟ್ಟ. "ಯಾರೋ ಕಟ್ಟಿದ್ದರ ಮ್ಯಾಲ ಕುಂದ್ರಾಕ ಅಷ್ಟ ಬಂದಾಂವ ನೀ."

ದಸ್ತಗೀರ ಕೀಲಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ನಡೆದುಹೋದ. ಆ ವಾರದಲ್ಲೇ ಊರನ್ನೂ ಬಿಟ್ಟ. ಯಾವುದೋ ಲಾರಿಗೆ ಡ್ರೈವರ್ ಆಗಿ ಉತ್ತರದ ಕಡೆ ಹೋದನೆಂದು ಜನ ಹೇಳಿದರು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಹಿಂದೆ ಎಳೆಯುವ ಹಗ್ಗ ಎಂದರೆ ಮೌನೇಶ ಒಬ್ಬನೇ ಇದ್ದ, ಅದನ್ನೂ ಮೌನೇಶನೇ ಕೊಯ್ದಿದ್ದ.

ಗಾಡಿಯನ್ನು ಆ ದಿನ ಕೊಡಲಿಲ್ಲ ಎನ್ನುವುದನ್ನೂ ಹೇಳಬೇಕು. ದಸ್ತಗೀರ ಹೋದ ಮೇಲೆ ಮೌನೇಶನಿಗೆ ಅದನ್ನು ಕೊಡಲು ಕೈ ಬರಲಿಲ್ಲ. ಬಂದವರನ್ನು ಏನೋ ನೆಪ ಹೇಳಿ ಕಳಿಸಿ, ಗಾಡಿ ಬಿಚ್ಚಿದ. ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕು ಒಂದು ಕಡೆ ಸಣ್ಣಗೆ ತಿರುಚಿತ್ತು. ಹೊಸಿಲು ದಾಟುವಾಗ ಗೊತ್ತಾಗುವಂಥದಲ್ಲ, ತಿರುವಿನಲ್ಲಿ ಜೀವ ತೆಗೆಯುವಂಥದು. ಸರಿಮಾಡಿದ. ಸರಿಮಾಡಿದ್ದನ್ನು ಹೇಳಬೇಕೆಂದರೆ ಹೇಳಿಸಿಕೊಳ್ಳುವವನು ಇರಲಿಲ್ಲ.

ಅಲ್ಲಿಂದ ಮೌನೇಶನ ಹಂಬಲ ಶುರುವಾಯಿತು.

ಗಾಡಿ ಓಡಿಸಿ ನೋಡುವುದಕ್ಕೆ ಬೇರೆಯವರನ್ನು ಕರೆದ. ಊರಿನಲ್ಲಿ ಬಿರುಸಾಗಿ ಓಡಿಸುವ ಹುಡುಗರಿಗೇನು ಬರವೇ? ಹೋಗಿ ಬಂದು, "ಮಸ್ತ್ ಐತಿ ಮಾವಾ" ಎನ್ನುತ್ತಿದ್ದರು. ಎಲ್ಲ ಗಾಡಿಗೂ ಅದೇ ಮಾತು. ಚೆನ್ನಾಗಿದೆ ಎನ್ನುವವರು ಊರತುಂಬ ಸಿಕ್ಕರು, ಸರಿಯಿಲ್ಲ ಎನ್ನುವವನು ಒಬ್ಬನೂ ಸಿಗಲಿಲ್ಲ. ಅವರು ಹೊಗಳಿದಷ್ಟೂ ಮೌನೇಶನಿಗೆ ಒಂಟಿತನ ಹೆಚ್ಚಾಯಿತು. ಹೆದ್ದಾರಿಯಲ್ಲಿ ಲಾರಿ ನಿಂತ ಸಪ್ಪಳ ಕೇಳಿದರೆ ಸುತ್ತಿಗೆ ಕೆಳಗಿಡುತ್ತಿದ್ದ. ಡ್ರೈವರು ಇಳಿದು ಟೈರು ನೋಡಿ ಹತ್ತಿಹೋದರೆ ಮತ್ತೆ ಎತ್ತಿಕೊಳ್ಳುತ್ತಿದ್ದ. ಅವನ ಹೆಂಡತಿ ಕಾಳಮ್ಮ ಇದನ್ನೆಲ್ಲ ನೋಡುತ್ತಿದ್ದಳು.

"ಹೋದ ಸಲದ ಗಾಡಿ ಭಾಳ ಛಲೋ ಆಗಿರಬೇಕು. ದಸ್ತಗೀರಣ್ಣ ಇನ್ನೂ ತಿರುಗಿ ಬಂದಿಲ್ಲ" ಎಂದು ಅವಳು ಒಮ್ಮೆ ಚೇಷ್ಟೆ ಮಾಡಿದಳು. ಮೌನೇಶ ನಕ್ಕ. ನಕ್ಕವನು ತಗಡಿನ ಗೋಡೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಒಬ್ಬನೇ ನಿಂತಿದ್ದು ಬಂದ. ಕಾಳಮ್ಮ ಆಮೇಲೆ ಆ ಚೇಷ್ಟೆ ಮಾಡಲಿಲ್ಲ.

ಗೋಡೆಯ ಮೇಲೆ ಒಂದು ಹಳೆಯ ಸರಳು ತೂಗುತ್ತಿತ್ತು. ಅದು ದಸ್ತಗೀರನದು. ಹರೆಯದಲ್ಲಿ, ಗ್ಯಾರೇಜು ಹಾಕಿದ ಹೊಸದರಲ್ಲಿ, ಮೌನೇಶ ಮೊಟ್ಟಮೊದಲು ಅಳತೆ ತೆಗೆದದ್ದು ಅವನ ಮೈಯದು. ನಿನಗೂ ಒಂದು ಕಟ್ಟುತ್ತೇನೆ ಎಂದಿದ್ದ. ಗಿರಾಕಿಗಳ ಗಾಡಿಯ ಗದ್ದಲದಲ್ಲಿ ಅದು ಹಿಂದೆ ಬಿದ್ದಿತ್ತು. ದಿನಾ ಎದುರಿಗೆ ಕಾಣುವ ಮನುಷ್ಯನ ಕೆಲಸ ಯಾವಾಗಲೂ ನಾಳೆಗೆ ಬೀಳುತ್ತದೆ. ನೀನು ಹಿತ್ತಲಿನ ಕೊಳವೆ ಸರಿಮಾಡುತ್ತೇನೆಂದು ಹೇಳಿದ್ದೆಯಲ್ಲ ಕೊಟ್ರಯ್ಯ, ಹಾಗೆ.

ಈಗ ಮೌನೇಶ ಆ ಸರಳನ್ನು ಇಳಿಸಿ, ದಸ್ತಗೀರನ ಗಾಡಿಗೆ ಕೈಹಾಕಿದ.

ವರ್ಷಗಟ್ಟಲೆ ಹಿಡಿಯಿತು. ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತನ್ನೆಲ್ಲ ಅದಕ್ಕೆ ಸುರಿದ. ಎಂಜಿನ್ ಹುಡುಕಿಕೊಂಡು ಊರೂರು ಅಲೆದ. ಸಿಕ್ಕಿದ್ದನ್ನು ತೊಳೆದು, ಸವೆದದ್ದನ್ನು ತೆಗೆದು, ಗಡಿಯಾರದಷ್ಟು ನಯವಾಗಿ ತಿರುಗುವಂತೆ ಮಾಡಿದ. ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಬಡಿದು ಟಾಂಕಿ ಮಾಡಿದ. ದಸ್ತಗೀರ ಓಡಿಸುವಾಗ ಮೊಣಕಾಲುಗಳನ್ನು ಟಾಂಕಿಗೆ ಒತ್ತಿ ಹಿಡಿಯುತ್ತಿದ್ದ. ಆ ಮೊಣಕಾಲುಗಳಿಗೆಂದು ಟಾಂಕಿಯ ಎರಡೂ ಬದಿಯಲ್ಲಿ ತಗ್ಗು ಬಡಿದ. ಅವನು ಹೊಟ್ಟೆ ಟಾಂಕಿಗೆ ತಾಗುವಂತೆ ಬಾಗಿ ಕೂರುತ್ತಿದ್ದ, ಆದ್ದರಿಂದ ಹ್ಯಾಂಡಲ್ ಕೆಳಗೆ ಇಳಿಯಿತು. ಕಾಲನ್ನು ಹಿಂದಕ್ಕೆ ಮಡಚುತ್ತಿದ್ದ, ಆದ್ದರಿಂದ ಕಾಲಿಡುವ ಕಡ್ಡಿ ಹಿಂದಕ್ಕೂ ಮೇಲಕ್ಕೂ ಹೋಯಿತು. ಬ್ರೇಕು, ಗೇರು ಎಲ್ಲವೂ ಅದರ ಹಿಂದೆಯೇ ಹೋದವು. ಒಂದೊಂದು ಬೆಸುಗೆ ಹಾಕಿದ ಮೇಲೂ ಸರಳು ಹಿಡಿದು ನೋಡುತ್ತಿದ್ದ.

ಕೆಲಸ ಮಾಡುವಾಗ ಮನಸ್ಸಿನಲ್ಲೇ ದಸ್ತಗೀರನನ್ನು ಕೇಳುತ್ತಿದ್ದ. ಇದು ಹೇಗಿದೆ? ಸೀಟು ಗಡಸಾಯಿತು ಎನ್ನುತ್ತಿದ್ದ ಮನಸ್ಸಿನ ದಸ್ತಗೀರ. ಮೌನೇಶ ಬಿಚ್ಚಿ ಮತ್ತೆ ಹೊಲಿಸುತ್ತಿದ್ದ. ಮೊದಮೊದಲು ಹೀಗೆ ಬಹಳ ತಕರಾರು ಬಂದವು. ವರ್ಷಗಳು ಹೋದಂತೆ ತಕರಾರು ಕಡಿಮೆಯಾಯಿತು. ಕೊನೆಕೊನೆಗೆ ಮೌನೇಶ ಏನು ಮಾಡಿದರೂ ಅವನು ಸರಿ ಎನ್ನತೊಡಗಿದ. ಮನಸ್ಸಿನಲ್ಲಿ ಸಾಕಿಕೊಂಡ ಗೆಳೆಯ ಬಹಳ ಸಾಧು ಪ್ರಾಣಿ. ಹಾಕಿದ್ದನ್ನು ತಿನ್ನುತ್ತಾನೆ, ಹೇಳಿದಲ್ಲಿ ಕೂರುತ್ತಾನೆ. ಮೌನೇಶ ಇದನ್ನು ಗಮನಿಸಲಿಲ್ಲ. ತನ್ನ ಕೈ ಪಳಗಿದೆ ಎಂದುಕೊಂಡ.

ಗಾಡಿ ಮುಗಿಯಿತು. ಕಪ್ಪು ಬಣ್ಣ ಹಚ್ಚಿ ಗ್ಯಾರೇಜಿನ ಒಳಗೆ ನಿಲ್ಲಿಸಿ ಮೇಲೊಂದು ದುಪ್ಪಟಿ ಹೊದಿಸಿದ. ನೋಡಿದವರು ಬೆರಗಾದರು. ಕೊಡು ಎಂದು ದುಂಬಾಲು ಬಿದ್ದರು. ಒಮ್ಮೆ ಹತ್ತಿ ಕೂರುತ್ತೇನೆ ಎಂದವರಿಗೂ ಮೌನೇಶ ಬಿಡಲಿಲ್ಲ. ದಿನಾ ಬೆಳಿಗ್ಗೆ ದುಪ್ಪಟಿ ತೆಗೆದು ಒರೆಸುತ್ತಿದ್ದ. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಅದರ ಸದ್ದನ್ನು ಕೇಳುತ್ತ ಹೆದ್ದಾರಿಯ ಕಡೆ ನೋಡುತ್ತ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಇಷ್ಟೇ: ದಸ್ತಗೀರ ಬರಬೇಕು, ಈ ಗಾಡಿ ಹತ್ತಬೇಕು, ಹೋಗಿ ಬಹಳ ತಡವಾಗಿ ಬರಬೇಕು. ಈ ಒಂದು ಆಸೆಯ ಮೇಲೆ ಅವನು ತನ್ನ ವಯಸ್ಸನ್ನೆಲ್ಲ ಕಳೆದ ಎಂದರೂ ತಪ್ಪಲ್ಲ.

ದಸ್ತಗೀರ ಬಂದ.

ಒಂದು ಮಧ್ಯಾಹ್ನ ಬಸ್ಸು ನಿಂತು ಹೋಯಿತು. ಒಬ್ಬ ಮನುಷ್ಯ ರಸ್ತೆ ದಾಟಿ, ಒಂದು ಕಾಲನ್ನು ಎಳೆದುಕೊಳ್ಳುತ್ತ ಗ್ಯಾರೇಜಿನ ಮುಂದೆ ಬಂದು ನಿಂತ. ತಲೆ ನೆರೆತಿತ್ತು. ಬೆನ್ನು ಗಡಸಾಗಿತ್ತು. ಕೈಯಲ್ಲಿ ಒಂದು ಚೀಲ ಇತ್ತು. "ಮೌನೇಶಾ" ಎಂದು ಕರೆದ.

ಮೌನೇಶ ದನಿಯಿಂದ ಗುರುತು ಹಿಡಿದ. ಓಡಿಬಂದು ತಬ್ಬಿಕೊಂಡ. ಇಬ್ಬರಿಗೂ ಅಳು ಬಂದಿತ್ತು, ಅತ್ತರು.

"ಬಂದೆಲ್ಲೋ" ಎಂದ ಮೌನೇಶ.

"ಬಂದೆ. ಇನ್ನ ಎಲ್ಲೂ ಹೋಗಾಂವಲ್ಲ" ಎಂದ ದಸ್ತಗೀರ. "ಇಲ್ಲೇ ಒಂದು ಮೂಲ್ಯಾಗ ಕುಂತು, ನಿನ್ನ ಗಾಡಿ ಸಪ್ಪಳ ಕೇಳ್ಕೋತ ಇರಬೇಕಂತ ಬಂದೀನಿ. ಓಡಸಾಕ ಆಗದಿದ್ರೂ ಕಿವಿ ಇನ್ನೂ ಅದಾವು."

"ಅದೆಲ್ಲ ಆಮ್ಯಾಲ. ಮೊದಲ ಒಳಗ ಬಾ. ನಿನಗೊಂದು ತೋರಸೂದೈತಿ."

ಕಾಳಮ್ಮ ತಂಬಿಗೆಯಲ್ಲಿ ನೀರು ತಂದಿದ್ದಳು. ದೂರದಿಂದ ಬಂದವರಿಗೆ ಮೊದಲು ನೀರು ಕೊಡುವುದು ಆ ಸೀಮೆಯಲ್ಲಿ ಹಗೆಯವನಿಗೂ ತಪ್ಪಿಸದ ಮರ್ಯಾದೆ. "ತಡೀರಿ, ಒಂದೀಟು ನೀರು ಕುಡೀಲಿ ಅಣ್ಣ" ಎಂದಳು.

"ಗಾಡಿ ನೋಡಿದ ಮ್ಯಾಲ ಕುಡಿತಾನ" ಎಂದು ಮೌನೇಶ ಅವನನ್ನು ಎಳೆದುಕೊಂಡೇ ಹೋದ. ದುಪ್ಪಟಿ ತೆಗೆದ.

ದಸ್ತಗೀರ ಬಹಳ ಹೊತ್ತು ನೋಡಿದ. ಟಾಂಕಿಯ ಮೇಲೆ ಅಂಗೈ ಇಟ್ಟ. ಮೊಣಕಾಲಿನ ತಗ್ಗುಗಳ ಮೇಲೆ ಬೆರಳಾಡಿಸಿದ. ಅವು ಯಾರ ಮೊಣಕಾಲೆಂದು ಅವನಿಗೆ ತಿಳಿಯಿತು. "ನನಗs ಕಟ್ಟೀಯೇನೋ ಇದನ್ನ?" ಎಂದು ಕೇಳಿದ.

"ಮತ್ಯಾರಿಗೆ? ಹತ್ತು."

ದಸ್ತಗೀರ ಚೀಲವನ್ನು ಕೆಳಗಿಟ್ಟು ಹತ್ತಿದ. ಹತ್ತುವುದಕ್ಕೇ ಕಷ್ಟವಾಯಿತು. ಎಲ್ಲೋ ಒಂದು ಘಾಟಿನಲ್ಲಿ ಅವನ ಲಾರಿ ಉರುಳಿತ್ತು. ಮೊಣಕಾಲಿನೊಳಗೆ ಡಾಕ್ಟರು ಕಬ್ಬಿಣ ಹಾಕಿದ್ದರು. ಕಾಲು ಮಡಚುತ್ತಿರಲಿಲ್ಲ. ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು. ಗೆಳೆಯನ ಮುಖದಲ್ಲಿ ಅಂಥ ಆಸೆ ಇತ್ತು. ಹಲ್ಲು ಕಚ್ಚಿ ಕಾಲನ್ನು ಹಿಂದಕ್ಕೆ ಒಯ್ಯಲು ನೋಡಿದ. ಕಡ್ಡಿ ಸಿಗಲಿಲ್ಲ. ಹ್ಯಾಂಡಲಿಗೆ ಕೈ ಚಾಚಿದ, ಬೆನ್ನು ಬಗ್ಗಲಿಲ್ಲ.

"ಒಂದೀಟು ಹಿಂದ ಸರಿ" ಎಂದ ಮೌನೇಶ.

ಸರಿದ. ಆಗಲಿಲ್ಲ.

"ಬೆನ್ನು ಬಗ್ಗಸು. ಹಿಂಗ ಕುಂದ್ರತಿದ್ದೇನು ನೀ? ನೆನಪ ಮಾಡ್ಕೊ."

ದಸ್ತಗೀರನ ಹಣೆಯಲ್ಲಿ ಬೆವರೊಡೆಯಿತು. ಮೌನೇಶ ಅವನ ಮೊಣಕಾಲನ್ನು ಹಿಡಿದು ತಗ್ಗಿಗೆ ಒತ್ತಿದ. ಅವನು ನೋವು ನುಂಗಿಕೊಂಡ. ಮೌನೇಶ ಗೋಡೆಯ ಸರಳನ್ನು ತಂದು ಅವನ ಮೈಗೆ ಹಿಡಿದ. ಸರಳು ಒಂದು ಕಡೆ, ಮನುಷ್ಯ ಒಂದು ಕಡೆ. ಅದೇ ಸರಳನ್ನು ಗಾಡಿಗೆ ಹಿಡಿದ. ಎಳ್ಳಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ನೋಡು, ಗಾಡಿ ಸರಿ ಐತಿ" ಎಂದ ಮೌನೇಶ. ದನಿಯಲ್ಲಿ ಸಿಟ್ಟು ಬಂದಿತ್ತು.

"ನನ್ನ ಕಾಲಾಗ ಕಬ್ಬಿಣ ಐತೋ. ಮಡಚಂಗಿಲ್ಲ" ಎಂದ ದಸ್ತಗೀರ, ಮೆಲ್ಲಗೆ. "ಈ ಕಾಲಿಡೂದನ್ನ ಮುಂದ ತಂದು, ಹ್ಯಾಂಡಲ್ ಒಂದೀಟು ಎತ್ತಿದರ ನನಗ ಹೊಂದತೈತಿ. ಹಿಂಗ ಇದ್ದರ ಇದು ನನಗ ಸರಿಯಿಲ್ಲ."

ಸರಿಯಿಲ್ಲ ಎಂಬ ಮಾತಿಗಾಗಿ ಮೌನೇಶ ಇಷ್ಟು ವರ್ಷ ಕಿವಿ ತೆರೆದುಕೊಂಡು ಕೂತಿದ್ದ. ಆ ಮಾತು ಬಂತು, ಹೇಳಬೇಕಾದವನ ಬಾಯಿಂದಲೇ ಬಂತು. ಕೆಲಸವೂ ದೊಡ್ಡದಲ್ಲ. ಬೇರೆ ಯಾರಾದರೂ ಆಗಿದ್ದರೆ ದಿಮ್ಮಿಗಳ ಮೇಲೆ ಚಾಸಿ ಇಟ್ಟು, ಹತ್ತು ಕುಂದ್ರು ಎಂದು ಹೊಸ ಅಳತೆ ತೆಗೆದು, ನಾಲ್ಕಾರು ದಿನಗಳಲ್ಲಿ ಮುಗಿಸಿಬಿಡುತ್ತಿದ್ದ. ಆದರೆ ಮೌನೇಶ ಗಾಡಿಗೆ ಅಡ್ಡ ನಿಂತ.

"ಇದನ್ನ ಕೊಯ್ಯಾಂಗಿಲ್ಲ" ಎಂದ. "ಇದು ದಸ್ತಗೀರನ ಗಾಡಿ."

ಯಾರ ಮುಂದೆ ನಿಂತು ಹೇಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲಿಲ್ಲ.

ದಸ್ತಗೀರ ಅವನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. "ಹೌದಪಾ, ಅವಂದs ಇದು. ಕೊಯ್ಯಬ್ಯಾಡ" ಎಂದ.

ಅವನು ಇಳಿದ. ಮೌನೇಶ ಕೂಡಲೇ ಟಾಂಕಿಯನ್ನು ಒರೆಸತೊಡಗಿದ. ಬೆವರಿನ ಕೈ ತಾಗಿ ಕಲೆಯಾಗಿತ್ತು. ದಸ್ತಗೀರ ಹೊರಗೆ ಬಂದು ಕಾಳಮ್ಮನ ಕೈಯಿಂದ ತಂಬಿಗೆ ಇಸಿದುಕೊಂಡು ನೀರನ್ನೆಲ್ಲ ಕುಡಿದ. ಚೀಲದಿಂದ ಒಂದು ಪೊಟ್ಟಣ ಖರ್ಜೂರ ತೆಗೆದು ಅವಳಿಗೆ ಕೊಟ್ಟ.

"ಉಂಡು ಹೋಗ್ರಿ ಅಣ್ಣಾ. ರೊಟ್ಟಿ ಬಡ್ಯಾಕ ಹತ್ತೀನಿ" ಎಂದಳು ಕಾಳಮ್ಮ. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಇನ್ನೊಮ್ಮೆ ಬರ್ತೀನಕ್ಕಾ" ಎಂದ ದಸ್ತಗೀರ. ಇನ್ನೊಮ್ಮೆ ಬರುವವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಹೆದ್ದಾರಿಯ ಅಂಚಿಗೆ ಹೋಗಿ ಕೈ ಮಾಡಿದ. ಒಂದು ಟೆಂಪೊ ನಿಂತಿತು. ಮಡಚದ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಹತ್ತಿದ.

ಮೌನೇಶ ಒರೆಸಿ ಮುಗಿಸಿ ಹೊರಗೆ ಬಂದ. "ದಸ್ತಗೀರ ಎಲ್ಲಿ?" ಎಂದು ಕೇಳಿದ.

"ಹೋದ್ರು" ಎಂದಳು ಕಾಳಮ್ಮ.

ಮೌನೇಶ ಒರೆಸುವ ಬಟ್ಟೆಯನ್ನು ಅಲ್ಲೇ ಬಿಸಾಡಿ ರಸ್ತೆಗೆ ಓಡಿದ. ಟೆಂಪೊ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇತ್ತು. ಅದನ್ನು ಹಿಂದೆ ಹಾಕಬಲ್ಲ ಗಾಡಿ ಆ ಸೀಮೆಯಲ್ಲೆಲ್ಲ ಒಂದೇ ಒಂದಿತ್ತು, ಅದೂ ಅವನ ಬೆನ್ನ ಹಿಂದೆಯೇ ನಿಂತಿತ್ತು. ಒಳಗೆ ಓಡಿಬಂದು ಹತ್ತಿ ಕೂತ. ಕೈ ಹ್ಯಾಂಡಲಿಗೆ ಎಟುಕಲಿಲ್ಲ, ಕಾಲಿಗೆ ಕಡ್ಡಿ ಸಿಗಲಿಲ್ಲ. ಅದು ಅವನ ಅಳತೆಯದೂ ಅಲ್ಲ. ಕೂತಲ್ಲೇ ಬಹಳ ಹೊತ್ತು ಕೂತಿದ್ದ. ಕಾಳಮ್ಮ ಬಂದು ಕೈ ಹಿಡಿದು ಇಳಿಸಿದಳು.

ಗ್ಯಾರೇಜು ಈಗಲೂ ಇದೆ. ಗಾಡಿಯೂ ಇದೆ. ಮೌನೇಶನ ಕಣ್ಣು ಸ್ವಲ್ಪ ಮಂಜಾಗಿದೆ. ಒರೆಸುವುದು ಮಾತ್ರ ತಪ್ಪಿಲ್ಲ. ಲಾರಿ ನಿಂತರೆ ಈಗಲೂ ಸುತ್ತಿಗೆ ಕೆಳಗಿಡುತ್ತಾನೆ. ಯಾರ ಗಾಡಿ ಎಂದು ಯಾರಾದರೂ ಕೇಳಿದರೆ, "ದಸ್ತಗೀರಂದು. ಬರ್ತಾನ" ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ. ಮನಸಾರೆ ಕಾಯುತ್ತಿದ್ದಾನೆ.

ಗುರುಗಳು ಇಷ್ಟು ಹೇಳಿ ಮೊರವನ್ನು ಒಮ್ಮೆ ಕೊಡವಿ, ಬೇಳೆಯಲ್ಲಿ ಬೆರಳಾಡಿಸತೊಡಗಿದರು. ಕತೆ ಮುಗಿಯಿತೆಂದು ತಿಳಿಯಲು ಕೊಟ್ರಯ್ಯನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನಿಗೆ ಮೌನೇಶನ ಮೇಲೆ ಮರುಕ ಉಕ್ಕಿತ್ತು. ಗುರುಗಳು ಅವನನ್ನು ತಪ್ಪಿತಸ್ಥನ ಹಾಗೆ ತೋರಿಸಿದ್ದು ಸರಿಬರಲಿಲ್ಲ.

"ಮೌನೇಶನದು ಏನು ತಪ್ಪು ಗುರುಗಳೇ?" ಎಂದು ಕೇಳಿದ. "ಅವನು ಜೀವ ಹಿಡಿದುಕೊಂಡು ಕಾದ. ಆದರೆ ಬಂದವನು ಅವನು ಕಾಯುತ್ತಿದ್ದ ದಸ್ತಗೀರನೇ ಅಲ್ಲವಲ್ಲ."

ಗುರುಗಳು ತಲೆ ಎತ್ತಿದರು.

"ಬರಲು ಇದ್ದ ದಸ್ತಗೀರ ಅವನೊಬ್ಬನೇ, ಕೊಟ್ರಯ್ಯ."